ಕಾಯಕಶುದ್ಧಿಯೂ ಇಂದಿನ ಸಂದರ್ಶನವೂ

ಸದ್ಭಕ್ತರೇ, ಕಾಯಕವು ಶರಣಧರ್ಮದ ಜೀವಾಳ. ಕಾಯಕವೆಂದೊಡನೆ ನೇಗಿಲು, ಮಗ್ಗ, ಹಗ್ಗ, ಹರಿಗೋಲುಗಳನ್ನು ಮಾತ್ರವೇ ನೆನೆಯುವ ವಾಡಿಕೆಯುಂಟು. ಆದರೆ ಇಂದು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಸೀಮೆಯಿಂದ ತರುಣ ತರುಣಿಯರು ಸಾಫ್ಟ್‌ವೇರ್ ಉದ್ಯೋಗವನ್ನರಸಿ ಬೆಂಗಳೂರಿಗೂ ಮೈಸೂರಿಗೂ ಹೋಗುತ್ತಿದ್ದಾರೆ. 1983ರಲ್ಲಿ ಇನ್ಫೋಸಿಸ್ ಸಂಸ್ಥೆಯು ಪುಣೆಯಿಂದ ಬೆಂಗಳೂರಿಗೆ ಬಂದಿತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಅಲ್ಲಿ ತನ್ನ ಶಾಖೆಯನ್ನು ತೆರೆಯಿತು. ಅಂದು ಮೊಳೆತ ಸಸಿ ಇಂದು ಹೆಮ್ಮರವಾಗಿದೆ. ಕಬ್ಬಿನ ಗದ್ದೆಯ ಬದುವಿನಲ್ಲಿ ಬೆಳೆದ ಮಕ್ಕಳು ಅದರ ನೆರಳನ್ನು ಸೇರುವುದರಲ್ಲಿ ತಪ್ಪೇನೂ ಇಲ್ಲ. ಆ ಉದ್ಯೋಗವು ಕಾಯಕವಾಗುವುದು ಎಂದು, ಬರಿಯ ಸಂಬಳವಾಗಿ ಉಳಿಯುವುದು ಎಂದು ಎಂಬುದೇ ವಿಚಾರಣೀಯವಾದುದು.

ದೃಷ್ಟಾಂತಕ್ಕಾಗಿ ಕೃಷ್ಣರಾಜಪೇಟೆಯ ಕಡೆಯ ಒಬ್ಬ ತರುಣನನ್ನು ಭಾವಿಸಿಕೊಳ್ಳಿರಿ. ತಂದೆಯು ಸಾಲ ಮಾಡಿ ಮಗನನ್ನು ಇಂಜಿನಿಯರಿಂಗ್ ಓದಿಸಿದ್ದಾನೆ. ಮಗನು ಹತ್ತು ಕಡೆ ಸಂದರ್ಶನಕ್ಕೆ ಹೋಗಿ ಹತ್ತು ಕಡೆಯೂ ನಿರಾಶನಾಗಿ ಬಂದಿದ್ದಾನೆ. ಆಗ ಮಧ್ಯಸ್ಥನೊಬ್ಬನು, "ಹಣ ಕೊಟ್ಟರೆ ಮೂರು ವರ್ಷ ಕೆಲಸ ಮಾಡಿದ ಪತ್ರವನ್ನು ಕೊಡಿಸುತ್ತೇನೆ, ಸಂದರ್ಶನದಲ್ಲಿ ಬೇರೊಬ್ಬನು ಮರೆಯಲ್ಲಿ ಕುಳಿತು ಉತ್ತರ ಹೇಳುವನು, ನೀನು ತುಟಿಯಾಡಿಸಿದರೆ ಸಾಕು" ಎನ್ನುತ್ತಾನೆ. ಇಂತಹ ವಂಚನೆಯು ಆ ವೃತ್ತಿಯಲ್ಲಿ ಅಪರೂಪವಲ್ಲ. ತಾಯಿ, "ಹೇಗಾದರೂ ಆಗಲಿ ಮಗು, ಕೆಲಸವೊಂದು ಸಿಕ್ಕಲಿ" ಎನ್ನುತ್ತಾಳೆ. ಆ ಮನೆಯ ಧರ್ಮಸಂಕಟವು ಸಾಮಾನ್ಯವಾದುದಲ್ಲ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆಯು ಕೈದೀವಿಗೆಯಾಗುತ್ತದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಬಡತನದ ಮನೆ, ಆದರೂ ಲಕ್ಕಮ್ಮನು ಹಿಗ್ಗಲಿಲ್ಲ. ಹೆಚ್ಚಿನದು ತಮ್ಮದಲ್ಲವೆಂದು ತಿಳಿಹೇಳಿ, ಇದ್ದಲ್ಲಿಗೇ ಹಿಂದಿರುಗಿಸಿ ಬರುವಂತೆ ಮಾಡಿದಳು. ಮಾರಯ್ಯನು ಕದ್ದವನಲ್ಲ, ಸುಳ್ಳಾಡಿದವನೂ ಅಲ್ಲ. ಆಯ್ದದ್ದೇ ಅಧಿಕವಾದುದಕ್ಕೆ ಆ ಮಹಾತಾಯಿ ಒಪ್ಪಲಿಲ್ಲವಾದರೆ, ದುಡಿಯದ ಮೂರು ವರ್ಷಗಳ ಫಲವನ್ನು ಒಪ್ಪುತ್ತಿದ್ದಳೆ? ಪರರ ನಾಲಗೆಯಿಂದ ಬಂದ ಉತ್ತರವು ಪರರ ಅಕ್ಕಿಯೇ ಸರಿ.

"ಎಲ್ಲರೂ ಹೀಗೆಯೇ ಮಾಡುವರು, ಸಂಸ್ಥೆಗಳಾದರೂ ಕನಿಕರವಿಲ್ಲದೆ ನೌಕರರನ್ನು ಹೊರಹಾಕುವುದಿಲ್ಲವೆ?" ಎಂದು ಕೇಳುವವರುಂಟು. ಪ್ರಶ್ನೆಯಲ್ಲಿ ನೋವುಂಟು, ಅಲ್ಲಗಳೆಯಲಾಗದು. ಆದರೆ ಒಡೆಯನ ಗುಣವನ್ನು ನೋಡಿ ಕಾಯಕದ ಶುದ್ಧಿಯನ್ನು ಅಳೆಯಲಾಗದು. ಬಸವಣ್ಣನವರು ಬಿಜ್ಜಳನ ಭಂಡಾರವನ್ನು ನೋಡಿಕೊಂಡರು. ಅವರ ಮೇಲೆ ದೂರು ಹೋಯಿತು. ಎಣಿಸಿ ನೋಡಿದಾಗ ಭಂಡಾರದಲ್ಲಿ ಕೊರತೆಯಿರಲಿಲ್ಲವೆಂದು ಪುರಾಣವು ಸಾರುತ್ತದೆ. ಅರಸನು ಶಿವಭಾವದಲ್ಲಿ ತಮಗೆ ಸಮನಲ್ಲವೆಂದು ಅವರು ಲೆಕ್ಕವನ್ನು ಕೆಡಿಸಲಿಲ್ಲ.

ಅಲ್ಲದೆ ಆ ತರುಣನು ನಾಳೆ ಬರೆಯುವ ಪ್ರೋಗ್ರಾಮು ಯಾವುದೋ ಊರಿನ ವಿಧವೆಯ ಬ್ಯಾಂಕಿನ ಲೆಕ್ಕವನ್ನೋ, ಆಸ್ಪತ್ರೆಯ ರೋಗಿಯ ಔಷಧದ ಲೆಕ್ಕವನ್ನೋ ನಡೆಸಬಹುದು. ಕೆಟ್ಟ ಹಗ್ಗವು ಎಳೆದಾಗ ಹರಿದು ತೋರುತ್ತದೆ. ಕೆಟ್ಟ ಪ್ರೋಗ್ರಾಮು ಕಾಣದಂತೆ ಅಡಗಿದ್ದು ಕಾಣದವರನ್ನು ನೋಯಿಸುತ್ತದೆ. ಸುಳ್ಳುಪತ್ರವಾದರೋ ಬಹುಕಾಲ ಅಡಗಿರದು. ಸಂಸ್ಥೆಯವರು ಹಿಂದಿನ ಕೆಲಸದ ವಿವರವನ್ನು ವಿಚಾರಿಸುತ್ತಾರೆ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಸಿಕ್ಕಿಬೀಳದಿದ್ದರೂ ಪ್ರತಿದಿನವೂ ಅಂಜಿ ಬಾಳಬೇಕು. ಪ್ರಾಮಾಣಿಕನಾಗಿ ಕಾದಿದ್ದ ಮತ್ತೊಬ್ಬ ಬಡವನ ಮಗನ ಸ್ಥಾನವು ಅಪಹೃತವಾದುದಂತೂ ಉಳಿದೇ ಉಳಿಯುತ್ತದೆ.

ಹಾಗಾದರೆ ದಾರಿಯೇನು? ತಿಳಿದುದನ್ನು ತಿಳಿದಂತೆ ಹೇಳುವುದು, ತಿಳಿಯದುದನ್ನು "ತಿಳಿಯದು" ಎನ್ನುವುದು, ಮನೆಗೆ ಬಂದು ಅದನ್ನೇ ಕಲಿಯುವುದು. ಸಂದರ್ಶನದಲ್ಲಿ ಉತ್ತರವನ್ನು ಮಾತ್ರವಲ್ಲ, ಯೋಚಿಸುವ ಕ್ರಮವನ್ನೂ ನೋಡುತ್ತಾರೆ. ಸತ್ಯವನ್ನು ನುಡಿದವನಿಗೆ ನಾಳೆಯೇ ಕೆಲಸ ಸಿಕ್ಕೀತೆಂಬ ಭರವಸೆಯನ್ನು ಯಾರೂ ಕೊಡಲಾರರು. ಸಿಕ್ಕಿದ ದಿನ ಅದು ಅವನದೇ ಆಗಿರುತ್ತದೆ ಎಂಬುದಷ್ಟೇ ನಿಶ್ಚಯ.

ತಪ್ಪು ಮಕ್ಕಳದು ಮಾತ್ರವೆ? 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ತರುಣರು ಕನ್ಯೆ ದೊರೆಯಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅನ್ನವಿಕ್ಕುವವನಿಗೆ ಹೆಣ್ಣಿಲ್ಲ, ಕಂಪ್ಯೂಟರಿನ ಮುಂದೆ ಕೂತವನಿಗೆ ಮಾತ್ರ ಹೆಣ್ಣುಂಟು ಎಂಬ ಸ್ಥಿತಿಯನ್ನು ತಂದವರು ಗೃಹಸ್ಥರೇ ಅಲ್ಲವೆ? ಹಗ್ಗ ಹೊಸೆದ ನುಲಿಯ ಚಂದಯ್ಯನನ್ನೂ ಭಂಡಾರವಾಳಿದ ಬಸವಣ್ಣನವರನ್ನೂ ಒಂದೇ ಪಂಕ್ತಿಯಲ್ಲಿ ಕಂಡ ಧರ್ಮದಲ್ಲಿ ಕಾಯಕಕ್ಕೆ ಮೇಲು ಕೀಳು ಕಟ್ಟಿದೆವು. ಆ ಭಾರವೇ ಮಕ್ಕಳನ್ನು ಮಧ್ಯಸ್ಥನ ಬಾಗಿಲಿಗೆ ತಳ್ಳುತ್ತಿದೆ.

ಕೆಲಸ ದೊರೆತವರು ಮರೆಯಬಾರದ ಇನ್ನೊಂದುಂಟು, ಅದು ದಾಸೋಹ. ಬಂದ ಸಂಬಳದಲ್ಲಿ ವೃದ್ಧ ತಂದೆತಾಯಿಗಳಿಗೆ ಪಾಲುಂಟು, ಊರಿನ ಬಡ ವಿದ್ಯಾರ್ಥಿಗೂ ಪಾಲುಂಟು. ತಾನು ಕಲಿತ ವಿದ್ಯೆಯನ್ನು ಊರಿನ ಕಿರಿಯನೊಬ್ಬನಿಗೆ ಹೇಳಿಕೊಟ್ಟರೆ ಅದೂ ದಾಸೋಹವೇ. ಸುಳ್ಳುಪತ್ರದ ಮಾರಾಟಗಾರನಿಗೆ ಅಲ್ಲಿ ಕೆಲಸವಿರದು.

ದೃಷ್ಟಾಂತದ ಆ ಮನೆಗೆ ಮತ್ತೊಮ್ಮೆ ಹೋಗೋಣ. ಮಗನು ಹಣ ಕೇಳಲು ನಿಂತಿದ್ದಾನೆ. ಆ ಗಳಿಗೆಯಲ್ಲಿ ತಾಯಿಯು ಲಕ್ಕಮ್ಮನಾಗಿ, "ನೀನು ದುಡಿಯದ ಮೂರು ವರ್ಷದ ಅನ್ನ ನಮಗೆ ಬೇಡ ಮಗು, ಇನ್ನೊಂದು ವರ್ಷ ಗಂಜಿ ಕುಡಿದೇವು" ಎಂದರೆ ಆ ಮನೆಯೇ ಮಹಾಮನೆ. ಅಂತಹ ಮಾತನ್ನಾಡುವ ಧೈರ್ಯವನ್ನು ಗುರುಲಿಂಗಜಂಗಮರು ಸಕಲ ಸದ್ಭಕ್ತರಿಗೆ ಕರುಣಿಸಲಿ.