ಊರು ಯಾರದು?

ಹಳೆಯ ಊರು ಹಾಗೇ ಇರಬೇಕು ಎನ್ನುವವರಲ್ಲಿ ಹೆಚ್ಚಿನವರು ಆ ಊರಿನಲ್ಲಿ ಇಲ್ಲದವರು. ಇಟಲಿಯ ವೆನಿಸ್ ನೋಡಿ ಬಂದಾಗಿನಿಂದ ಇದು ನನ್ನ ತಲೆ ಕೊರೆಯುತ್ತಿದೆ.

ಅಲ್ಲಿನ ಸೊಬಗನ್ನು ಅಲ್ಲಗಳೆಯುವಂತಿಲ್ಲ. ಕೆಸರಿನಲ್ಲಿ ಮರದ ಕಂಬಗಳನ್ನು ಒತ್ತೊತ್ತಾಗಿ ಹೂತು, ಮೇಲೆ ಇಸ್ಟ್ರಿಯಾದ ಬಿಳಿಗಲ್ಲು ಹಾಸಿ, ಅದರ ಮೇಲೆ ಇಟ್ಟಿಗೆಯ ಅರಮನೆಗಳನ್ನು ಎಬ್ಬಿಸಿದ್ದಾರೆ. 1591ರಲ್ಲಿ ಮುಗಿದ ರಿಯಾಲ್ಟೋ ಕಲ್ಲುಸೇತುವೆಯ ಮೇಲೆ ಇವತ್ತಿಗೂ ಅಂಗಡಿಗಳಿವೆ. ಆ ಸೇತುವೆಯ ಹತ್ತಿರದ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ 2008ರಲ್ಲಿ ಒಂದು ಅಂಕಿಫಲಕ ಇಟ್ಟರು: ಹಳೆಯ ನಗರದಲ್ಲಿ ಇನ್ನು ಎಷ್ಟು ಜನ ವಾಸವಾಗಿದ್ದಾರೆ ಅಂತ. 1951ರಲ್ಲಿ ಸುಮಾರು 1,75,000 ಇದ್ದವರು 2009ರಲ್ಲಿ 60,000ಕ್ಕಿಂತ ಕೆಳಗಿಳಿದಾಗ ಅಲ್ಲಿನವರೇ ದೋಣಿಯಲ್ಲಿ ಶವಪೆಟ್ಟಿಗೆ ಇಟ್ಟು ಊರಿನ ಅಣಕು ಶವಯಾತ್ರೆ ಮಾಡಿದರು. 2022ರಲ್ಲಿ 50,000ವೂ ಉಳಿಯಲಿಲ್ಲ. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನನಗೆ ಇದು ಜಮೆ ಕಾಣದ ಪಾಸ್‌ಬುಕ್ಕಿನ ಹಾಗೆ ಕಂಡಿತು. ಮನೆಗಳೇನೋ ಇವೆ, ಪ್ರವಾಸಿಗರ ಪಾಲಾಗಿವೆ. 2024ರಲ್ಲಿ, ಕೆಲವು ದಿನಗಳ ಮಟ್ಟಿಗೆ, ಬೆಳಿಗ್ಗೆ ಬಂದು ಸಂಜೆ ಹೋಗುವವರಿಂದ ಐದು ಯೂರೋ ಪ್ರವೇಶಶುಲ್ಕ ವಸೂಲಿ ಶುರುವಾಯಿತು. ಊರಿಗೇ ಟಿಕೆಟ್ಟು!

ಹುಟ್ಟೂರಿನ ಮಟ್ಟಿಗೆ ನಾವು ಮುಂಬಯಿಯವರೂ ಹೀಗೆ ಬಂದು ಹೋಗುವವರೇ. ಕುಂದಾಪುರದ ಕಡೆಯ ನಮ್ಮ ಹಂಚಿನ ಮನೆಯ ಜಗಲಿಯಲ್ಲಿ ನಾಲ್ಕು ದಿನ ಕೂತು, ಫೋಟೊ ತೆಗೆದು, ರೈಲು ಹತ್ತುತ್ತೇವೆ. ತಮ್ಮ ಹಂಚು ಇಳಿಸಿ ತಾರಸಿ ಹಾಕಿಸುತ್ತೇನೆ ಎಂದಾಗ ನಾನು ಬೇಡವೆಂದೆ. “ಅಣ್ಣ, ನೀವೆಲ್ಲ ಬರೋದು ಮೇ ತಿಂಗಳಲ್ಲಿ. ಮಂಗ ಒಡೆದ ಹಂಚು ಬದಲಿಸೋಕೆ ಮಳೆಯಲ್ಲಿ ಮಾಡು ಹತ್ತುವವನು ನಾನು” ಅಂದ. ಮಾತು ಸರಿಯೇ. ನಮ್ಮ ಅಜ್ಜ ಮುಳಿಹುಲ್ಲು ತೆಗೆದು ಹಂಚು ಹಾಕಿಸಿದಾಗ ಯಾರೂ ಸೊಬಗು ಹೋಯಿತೆಂದು ಅತ್ತಿರಲಾರರು.

ಆದರೂ ದೂರ ಇದ್ದವನಿಗೆ ಬಾಯಿಯೇ ಇಲ್ಲ ಎಂದರೆ ನಾನು ಒಪ್ಪಲಾರೆ. 1966ರ ನವೆಂಬರಿನ ಪ್ರವಾಹದಲ್ಲಿ ವೆನಿಸ್ ಮುಳುಗಿದಾಗ ಚಿತ್ರಗಳನ್ನೂ ಇಗರ್ಜಿಗಳನ್ನೂ ದುರಸ್ತಿ ಮಾಡಿಸಲು ಹೊರದೇಶದವರೂ ಮುಂದೆ ಬಂದರು. ಬರೀ ಹೊಗಳಲಿಲ್ಲ, ಕಿಸೆಗೂ ಕೈ ಹಾಕಿದರು. ಹಾಗೆ ಕೈ ಹಾಕಿದವನಿಗೆ ಒಂದು ಮಾತು ಹೇಳುವ ಹಕ್ಕು ಬರುತ್ತದೆ ಅಂತ ನನ್ನ ಲೆಕ್ಕ. ಅದು ಆ ಮನೆಯಲ್ಲಿ ಮಲಗುವವನ ಮಾತಿಗಿಂತ ಮೇಲಲ್ಲ, ಅಷ್ಟೇ.

ಹಂಚು, ಪಕ್ಕಾಸು ದುರಸ್ತಿಯ ಅರ್ಧ ಖರ್ಚು ನನ್ನದು ಅಂತ ತಮ್ಮನಿಗೆ ಹೇಳಿದ್ದೇನೆ. “ದುಡ್ಡು ಸರಿ, ಮಾಡು ಹತ್ತೋದು ಯಾರು?” ಅಂತ ಕೇಳಿದ್ದಾನೆ.