ಹಾಡು ಕೇಳ್ರಿ

ಅಥಣಿ ತಾಲೂಕಿನ ಕೊಕಟನೂರಿನಲ್ಲಿ ಯಲ್ಲಮ್ಮನ ದರ್ಶನ ಮುಗಿಸಿ ಹೊರಬಂದಾಗ ದೀಪ ಹಚ್ಚುವ ಹೊತ್ತು. ವಯಸ್ಸಾದ ಜೋಗತಿಯೊಬ್ಬಳು ಹಣೆ ತುಂಬ ಭಂಡಾರ ಹಚ್ಚಿಕೊಂಡು, ಚೌಡಕಿ ನುಡಿಸುತ್ತ ಹಾಡುತ್ತಿದ್ದಳು. ಎಷ್ಟು ಚೆಂದ ಅನ್ನಿಸಿ ಮೊಬೈಲು ಎತ್ತಿದೆ. ಆಕೆ ಹಾಡು ನಿಲ್ಲಿಸಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ಹಾಡು ಕೇಳ್ರಿ ಅಕ್ಕಾರ, ಮಾರಿ ಯಾಕ ಬೇಕು?"

ಜಪಾನಿನ ಕ್ಯೋಟೊ ನಗರದ ಗಿಯೋನ್ ನೆನಪಾಯಿತು. ಅಲ್ಲಿ ಸಂಜೆ ಕೆಲಸಕ್ಕೆ ಹೊರಟ ಗೇಶಾ ಕಲಾವಿದೆಯರನ್ನು ಪ್ರವಾಸಿಗರು ಮುತ್ತಿಕೊಳ್ಳುತ್ತಿದ್ದರು. ಖಾಸಗಿ ಓಣಿಗಳಲ್ಲಿ ಫೋಟೊ ತೆಗೆದರೆ 10,000 ಯೆನ್ ದಂಡವೆಂದು 2019ರಲ್ಲಿ ಬೋರ್ಡು ಹಾಕಿದರು. 2024ರಲ್ಲಿ ಆ ಓಣಿಗಳಿಗೆ ಪ್ರವಾಸಿಗರು ಬರುವುದನ್ನೇ ನಿಷೇಧಿಸಿದರು. ಓದಿದಾಗ 'ಎಂಥ ಜನ!' ಎಂದಿದ್ದೆ. ಆ ಜನರಲ್ಲಿ ನಾನೂ ಒಬ್ಬಳು.

ಗೇಶಾ ಬೇರೆ, ಜೋಗತಿ ಬೇರೆ. ನಮ್ಮ ಕಡೆ ಎಷ್ಟೋ ಹುಡುಗಿಯರಿಗೆ ತಿಳಿವಳಿಕೆ ಬರುವ ಮೊದಲೇ ಮುತ್ತು ಕಟ್ಟಿದರು. 1982ರ ಕಾಯ್ದೆ ಅದನ್ನು ನಿಷೇಧಿಸಿತು, ನಿಜ. ಆದರೆ ಆಗಲೇ ಕಟ್ಟಿಸಿಕೊಂಡವರಿಗೆ ಕಳೆದುಹೋದ ಬಾಲ್ಯವನ್ನು ಯಾವ ಕಾಯ್ದೆ ತಂದುಕೊಟ್ಟೀತು? ಈಕೆಯ ಕಥೆ ಏನೋ, ಕೇಳುವ ಧೈರ್ಯವಾಗಲಿಲ್ಲ.

ಇಂಥ ನೋವಿನ ದಾರಿಯಲ್ಲಿ ಬಂದಿರಬಹುದಾದ ಹಾಡನ್ನು ಮೆಚ್ಚುವುದು ತಪ್ಪೇ? ತಪ್ಪಿಲ್ಲ ಅನ್ನಿಸುತ್ತದೆ. ಹಾಡು ಆಕೆ ತಾನಾಗಿ ಕೊಟ್ಟದ್ದು. ಮುಖ ನಾನು ಕೇಳದೆ ತೆಗೆದುಕೊಳ್ಳಹೊರಟದ್ದು.

ಮೊಬೈಲನ್ನು ಚೀಲಕ್ಕೆ ಹಾಕಿ ಎದುರಿಗೆ ನೆಲದ ಮೇಲೆ ಕೂತೆ. ಸೆರಗು ಸರಿಯಿತು, ಚೌಡಕಿ ಮತ್ತೆ ಶುರುವಾಯಿತು.