ಓಟವೂ ಕಾಯಕವಾದೀತೆ?

ಖಾನಾಪುರದ ಕಾಡಂಚಿನ ಹಾದಿಗಳಲ್ಲಿ ಬೆಳಗಿನ ಜಾವ ಓಡುವ ತರುಣರಲ್ಲಿ ಬಹುಮಂದಿಗೆ ಸೈನ್ಯ ಸೇರುವುದೇ ಗುರಿ. ಭರ್ತಿಯ ಪರೀಕ್ಷೆಯಲ್ಲಿ ೧೬೦೦ ಮೀಟರ್ ಓಟವಿರುವುದರಿಂದಲೂ, ಮರಾಠಾ ಲಘು ಪದಾತಿದಳದ ಕೇಂದ್ರವು ಹತ್ತಿರದ ಬೆಳಗಾವಿಯಲ್ಲಿಯೇ ಇರುವುದರಿಂದಲೂ ಇದು ಸಹಜವಾದುದು. ಆದರೆ ಅವರೊಳಗೆ ಎಲ್ಲಿಯೋ ಒಬ್ಬನಿಗೆ ಓಟವೇ ಗುರಿಯಾಗುವುದುಂಟು. ಅಂಥವನಿಗೆ ಒಂದು ಹಂತದ ಮೇಲೆ ಸ್ವಸ್ಥಳವು ಸಾಲದು. ಸಮವೇಗದ ಸಂಗಡಿಗರೂ ಬಲ್ಲ ಮಾರ್ಗದರ್ಶಕರೂ ಬೇಕು. ೨೨೦೦ ಮೀಟರಿಗೂ ಮಿಗಿಲಾದ ಎತ್ತರದ ಉದಕಮಂಡಲದಂಥ ಸ್ಥಳದಲ್ಲಿ ಕೆಲವು ವಾರಗಳಿದ್ದರೆ, ಅಲ್ಲಿಯ ತೆಳುವಾದ ಗಾಳಿಗೆ ಹೊಂದಿಕೊಳ್ಳಲು ದೇಹವು ರಕ್ತದ ಕೆಂಪುಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಸುಮಾರು ೭೫೦ ಮೀಟರ್ ಎತ್ತರದ ಬೆಳಗಾವಿಯಲ್ಲಿ ಆ ಅನುಕೂಲವಿಲ್ಲ. ಆದುದರಿಂದ ಬೆಂಗಳೂರು, ಪುಣೆ, ಊಟಿ, ದೂರದ ಪಟಿಯಾಲಗಳ ಕಡೆಗೆ ಅವನ ದೃಷ್ಟಿ ಹರಿಯುವುದು. ಹಿಂದೆ ಉಳಿಯುವವರು ವೃದ್ಧ ತಂದೆತಾಯಿಗಳು. ಉಳಿಯುವುದು ಭತ್ತದ ಗದ್ದೆ. ಇವರನ್ನು ಬಿಟ್ಟು ಹೋಗುವುದು ಧರ್ಮವೆ? ಓಟವನ್ನು ಕಾಯಕವೆನ್ನಬಹುದೆ?

ಇಲ್ಲಿ ಎರಡು ಪಕ್ಷಗಳಿವೆ. ಹೆತ್ತವರ ಸೇವೆ ಪ್ರತ್ಯಕ್ಷ ಕರ್ತವ್ಯ. ಕಾಲಿನ ವೇಗವು ಕೆಲವೇ ವರ್ಷಗಳದು. ಓಟದಿಂದ ಒಂದು ಸೇರು ಭತ್ತವೂ ಹುಟ್ಟದು ಎಂಬುದು ಹಿರಿಯರ ವಾದ. ದೊರೆತ ಶಕ್ತಿಯನ್ನು ಬಳಸದೆ ಕೊಳೆಯಿಸುವುದೂ ಅಪರಾಧವೇ. ನಾಳೆ ಗೆದ್ದರೆ ಊರಿಗೂ ದೇಶಕ್ಕೂ ಕೀರ್ತಿ ಎಂಬುದು ತರುಣನ ವಾದ. ಎರಡನೆಯ ವಾದದ ಕೊನೆಯ ಮಾತನ್ನು ಮೊದಲು ಪರೀಕ್ಷಿಸತಕ್ಕದ್ದು. ಏಕೆಂದರೆ ಗೆಲುವಿನ ಆಸೆಯೇ ಅನೇಕರ ವಿವೇಕವನ್ನು ಮಸುಕುಗೊಳಿಸುವುದು.

ಇದಕ್ಕೆ ಬೆಳಗಾವಿಯ ನಿದರ್ಶನವೇ ಇದೆ. ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡೋತ್ಸವದಲ್ಲಿ ಬರಿಗಾಲಿನಲ್ಲಿ ಓಡಿದ ರೈತರನ್ನು ಕಂಡು ಬೆರಗಾದ ಸರ್ ದೊರಾಬ್ಜಿ ಟಾಟಾ ಅವರು, ೧೯೨೦ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್‌ನಲ್ಲಿ ನಡೆದ ಒಲಿಂಪಿಕ್ ಕೂಟಕ್ಕೆ ಒಂದು ಚಿಕ್ಕ ತಂಡವು ಹೋಗುವಂತೆ ಮಾಡಿದರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿದ್ದರು. ಸಮುದ್ರ ದಾಟಿ ಹೋದ ಅವರು ೪೨.೭೫ ಕಿಲೋಮೀಟರುಗಳ ಮ್ಯಾರಥಾನ್ ಓಟವನ್ನು ಸುಮಾರು ೨ ಗಂಟೆ ೫೦ ನಿಮಿಷಗಳಲ್ಲಿ ಪೂರೈಸಿ ೧೯ನೆಯವರಾದರು. ಪದಕ ಬರಲಿಲ್ಲ. ಮೊದಲು ಬಂದವರು ಫಿನ್ಲೆಂಡಿನ ಹಾನೆಸ್ ಕೋಲೆಮೈನೆನ್. ಅವರೂ ೧೯೧೨ರ ಒಲಿಂಪಿಕ್ ವಿಜಯದ ತರುವಾಯ ತಾಯ್ನಾಡು ಬಿಟ್ಟು ಅಮೆರಿಕೆಗೆ ಹೋಗಿ, ಇಟ್ಟಿಗೆ ಕಟ್ಟುವ ಗಾರೆಕೆಲಸ ಮಾಡುತ್ತ ಓಟವನ್ನು ಮುಂದುವರಿಸಿದವರು.

ಫಲದಿಂದಲೇ ಧರ್ಮವನ್ನು ಅಳೆಯುವುದಾದರೆ, ಗೆದ್ದವರ ಪ್ರಯಾಣ ಧರ್ಮ, ಚೌಗುಲೆಯವರದು ಅಧರ್ಮ ಎನ್ನಬೇಕಾದೀತು. ಇದು ಯಾರಿಗೂ ಒಪ್ಪಿಗೆಯಾಗದು. ಓಟದಲ್ಲಿ ಮೊದಲಿಗನು ಒಬ್ಬನೇ, ಉಳಿದವರೆಲ್ಲ ವ್ಯರ್ಥಜೀವಿಗಳೆ? ಆದುದರಿಂದ ಊರು ಬಿಡುವುದು ಸರಿಯೋ ತಪ್ಪೋ ಎಂಬುದು ಹಿಂದಿರುಗಿದಾಗ ಅಲ್ಲ, ಹೊರಡುವಾಗಲೇ ನಿರ್ಣಯವಾಗತಕ್ಕ ವಿಷಯ.

ಊರು ಬಿಡುವುದೇ ದೋಷವೆಂದು ಶರಣಪರಂಪರೆಯು ಹೇಳಲಾರದು. ಕಲ್ಯಾಣವು ಊರು ಬಿಟ್ಟು ಬಂದವರಿಂದಲೇ ಬೆಳೆದ ಪಟ್ಟಣ. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು ಬಂದು ಕಟ್ಟಿಗೆ ಮಾರಿದನೆಂದು ಪುರಾಣಗಳು ಹೇಳುತ್ತವೆ. ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ರಾಯಚೂರು ಸೀಮೆಯಿಂದ ಬಂದವರು. ಆದರೆ ಅವರು ದೊಡ್ಡವರಾಗಲು ಬಂದವರಲ್ಲ. ಬಂದ ಮೇಲೆ ನಿತ್ಯದ ದುಡಿಮೆಯನ್ನು ಬಿಟ್ಟವರೂ ಅಲ್ಲ. ಒಂದು ದಿನ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಳಗೆ ಸೇರಿಸದೆ ಹಿಂದಕ್ಕೆ ಕಳುಹಿಸಿದಳೆಂಬ ಕಥೆ ಸರ್ವರಿಗೂ ತಿಳಿದುದೇ. ಕಾಯಕದ ಅಳತೆಗೋಲು ಇಲ್ಲಿದೆ: ಎಷ್ಟು ತಂದೆ ಎಂಬುದಲ್ಲ, ಹೇಗೆ ತಂದೆ, ಯಾರದನ್ನು ತಂದೆ ಎಂಬುದು.

ಈ ಅಳತೆಗೋಲನ್ನು ಓಟಗಾರನಿಗೆ ಹಿಡಿದರೆ ಮೂರು ಪ್ರಶ್ನೆಗಳು ಏಳುವುವು. ಮೊದಲನೆಯದು, ಅವನ ಪಾಲಿನ ಹೊರೆಯನ್ನು ಹೊರುವವರಾರು? ತಮ್ಮನೊಬ್ಬನು ಶಾಲೆ ಬಿಟ್ಟು ಗದ್ದೆಗಿಳಿದರೆ, ಅಣ್ಣನು ಓಡುವ ಪ್ರತಿಯೊಂದು ಹರಿದಾರಿಯಲ್ಲಿಯೂ ಆ ತಮ್ಮನ ಬೆವರಿದೆ. ಅವನನ್ನು ಕೇಳದೆ ಹೊರಟವನು ಆಯ್ದ ಅಕ್ಕಿಯನ್ನಲ್ಲ, ಪರರ ಅಕ್ಕಿಯನ್ನು ತಂದವನು. ದೂರದ ಓಟಗಾರರು ಮೂವತ್ತರ ಆಸುಪಾಸಿನಲ್ಲಿ ಪಕ್ವವಾಗುವುದುಂಟು. ಕೋಲೆಮೈನೆನ್ ಮ್ಯಾರಥಾನ್ ಗೆದ್ದುದು ೩೦ನೆಯ ವಯಸ್ಸಿನಲ್ಲಿ. ಒಂದೆರಡು ವರ್ಷಗಳ ಮಾತೆಂದು ನಂಬಿಸಿ ಹೊರಡುವುದು ಹೆತ್ತವರಿಗೆ ಮಾಡುವ ವಂಚನೆಯೇ ಸರಿ.

ಎರಡನೆಯದು, ಅವನ ದುಡಿಮೆ ಶುದ್ಧವೆ? ವಯಸ್ಸನ್ನು ಮರೆಮಾಚಿ, ನಿಷಿದ್ಧ ಔಷಧವನ್ನು ಸೇವಿಸಿ ಗಳಿಸಿದ ವೇಗವು ಕಳವಿನ ಧನಕ್ಕೆ ಸಮಾನ. ನೋಡುವವರಿಲ್ಲದ ಮುಂಜಾನೆಯಲ್ಲಿಯೂ ತಪ್ಪದ ಅಭ್ಯಾಸವೇ ಶುದ್ಧಿಯ ಲಕ್ಷಣ.

ಮೂರನೆಯದು, ಹೆಚ್ಚಾದುದು ಎಲ್ಲಿಗೆ ಸೇರುವುದು? ಓಟದಿಂದ ಭತ್ತ ಹುಟ್ಟದೆಂಬ ಹಿರಿಯರ ಮಾತು ನಿಜ. ಅದನ್ನು ಹಗುರವಾಗಿ ತಳ್ಳಿಬಿಡಲಾಗದು. ದಾಸೋಹವಿಲ್ಲದ ಕಾಯಕವು ಬರಿಯ ಉದ್ಯೋಗ. ಸೈನ್ಯದಲ್ಲಿಯೋ ರೈಲ್ವೆಯಲ್ಲಿಯೋ ಓಟದಿಂದ ಕೆಲಸ ದೊರೆತರೆ ಅದರ ಸಂಬಳದಲ್ಲಿ ಮನೆಗೆ ಪಾಲಿರಬೇಕು. ದೊರೆಯದಿದ್ದರೂ, ತಾನು ದೂರದೇಶದಲ್ಲಿ ಕಲಿತುದನ್ನು ಊರಿನ ಮಕ್ಕಳಿಗೆ ಕಲಿಸುವುದು ಅವನಿಂದ ಸಾಧ್ಯ. ಇದಾವುದನ್ನೂ ಮನಸ್ಸಿಗೆ ತಾರದೆ ಕೇವಲ ತನ್ನ ಹೆಸರಿಗಾಗಿ ಓಡಿದರೆ ಅದು ವ್ಯಸನವೇ ಹೊರತು ಕಾಯಕವಲ್ಲ.

ಈ ಮೂರಕ್ಕೂ ನಿಷ್ಕಪಟವಾಗಿ ಉತ್ತರಿಸಬಲ್ಲ ತರುಣನನ್ನು ತಡೆಯುವುದು ಹೆತ್ತವರಿಗೆ ಉಚಿತವಲ್ಲ. ಉತ್ತರಿಸಲಾರದವನು ಕೆಲಕಾಲ ತಡೆದು, ಮೊದಲು ಮನೆಯವರೊಡನೆ ಕುಳಿತು ಮಾತನಾಡುವುದು ಲೇಸು. ಮನೆಯಲ್ಲಿ ಉಳಿದು ಗದ್ದೆ ನೋಡುವವನೂ ಕಿರಿಯನಲ್ಲ, ಕಾಯಕದಲ್ಲಿ ಮೇಲುಕೀಳಿಲ್ಲ.

ಇನ್ನು ಊರವರ ಕರ್ತವ್ಯವೂ ಒಂದಿದೆ. ಗೆದ್ದು ಬಂದವನಿಗೆ ಮಾಲೆ ಹಾಕುವುದು ಸುಲಭ. ಹತ್ತು ವರ್ಷ ದುಡಿದು ಬರಿಗೈಯಲ್ಲಿ ಖಾನಾಪುರದ ನಿಲ್ದಾಣದಲ್ಲಿ ಇಳಿಯುವವನನ್ನು ಕಂಡು ನಗದಿರುವುದು, ಅವನ ಪಾಲಿನ ಕೆಲಸವನ್ನು ಅವನಿಗೆ ಮರಳಿ ಕೊಡುವುದು ಕಠಿನ. ಫಲವನ್ನು ನೋಡದೆ ದುಡಿಯೆಂದು ತರುಣನಿಗೆ ಬೋಧಿಸುವ ಸಮಾಜವು, ತಾನೂ ಫಲವನ್ನು ನೋಡದೆ ಅವನನ್ನು ಬರಮಾಡಿಕೊಳ್ಳಬೇಡವೆ?